ತಿದ್ದಿದ್ದಕ್ಕೆ ಲೆಕ್ಕ ಇಡುವವರು

2006ರ ಸೆಪ್ಟೆಂಬರ್ 17ರಂದು ಡೆಬಿಯನ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂಗೆ, ಗೂಢಲಿಪೀಕರಣಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನ ಹೊಸ ಆವೃತ್ತಿ ಸೇರಿತು. ಏನೇನು ತಿದ್ದಿದ್ದು ಎಂಬ ಪಟ್ಟಿಯಾಗಿ ಜೊತೆಗಿದ್ದ ಚೇಂಜ್‌ಲಾಗ್‌ನಲ್ಲಿ ಹಿಂದಿನ ಆವೃತ್ತಿಗೆ ಬರೆದಿದ್ದ, ಈಗ ನಿಜವಾಗಿ ಜಾರಿಗೆ ಬಂದ ಪುಟ್ಟದೊಂದು ಟಿಪ್ಪಣಿ: ರ‍್ಯಾಂಡಮ್ ಸಂಖ್ಯೆ ಹುಟ್ಟಿಸುವ ಭಾಗಕ್ಕೆ ಬೆಲೆ ತುಂಬದ ಮೆಮೊರಿಯನ್ನು ಇನ್ನು ಸೇರಿಸುವುದಿಲ್ಲ, ದೋಷ ಹುಡುಕುವ ವ್ಯಾಲ್‌ಗ್ರೈಂಡ್ ಸಾಧನದ ಗೊಣಗಾಟ ಇದರಿಂದ ನಿಲ್ಲುತ್ತದೆ. ಪಕ್ಕದಲ್ಲೇ ದೂರಿನ ಸಂಖ್ಯೆ, 363516. ಮುಚ್ಚುಮರೆ ಎಂಬುದೇ ಇರಲಿಲ್ಲ. ಯಾರು ಬೇಕಾದರೂ ಓದಬಹುದಿತ್ತು.

ಇಪ್ಪತ್ತು ತಿಂಗಳು ಯಾರಿಗೂ ಅನುಮಾನ ಬರಲಿಲ್ಲ. ಆಗ ತೆಗೆದದ್ದು ಎರಡು ಸಾಲು. ಒಂದು ಹೋಗಿದ್ದರಿಂದ ನಷ್ಟವಿರಲಿಲ್ಲ. ಇನ್ನೊಂದು ಸಾಲೋ, ರಹಸ್ಯ ಕೀಲಿಗಳಿಗೆ ಬೇಕಾದ ಅನಿಶ್ಚಿತತೆಯನ್ನೆಲ್ಲ ಒಳಗೆ ಬಿಡುವ ಬಾಗಿಲಾಗಿತ್ತು. ಅದು ಮುಚ್ಚಿದ ಮೇಲೆ ಉಳಿದದ್ದು ಪ್ರಾಸೆಸ್ ಸಂಖ್ಯೆ ಮಾತ್ರ. ಹೀಗಾಗಿ ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯಲ್ಲಿ ಹುಟ್ಟಬಹುದಾದ ಕೀಲಿಗಳು ಸುಮಾರು 32 ಸಾವಿರಕ್ಕೆ ಇಳಿದವು. ಅಷ್ಟನ್ನು ಒಂದೊಂದಾಗಿ ಪರೀಕ್ಷಿಸಿ ನೋಡುವುದು ಕಂಪ್ಯೂಟರಿಗೆ ಏನೂ ಕಷ್ಟವಲ್ಲ. ಡೆಬಿಯನ್ ಡೆವಲಪರ್ ಲೂಸಿಯಾನೊ ಬೆಲ್ಲೊ ಇದನ್ನು ಪತ್ತೆಹಚ್ಚಿದರು. 2008ರ ಮೇ 13ರಂದು ಡೆಬಿಯನ್ ಎಚ್ಚರಿಕೆ ಹೊರಡಿಸಿತು. ಡೆಬಿಯನ್ ಮಾತ್ರವಲ್ಲ, ಅದರ ಮೇಲೆ ಕಟ್ಟಿದ ಉಬುಂಟು ಬಳಸುವವರೂ ಆ ಅವಧಿಯ ಕೀಲಿಗಳನ್ನು ಎಸೆದು ಹೊಸತು ಮಾಡಿಕೊಳ್ಳಬೇಕಾಯಿತು.

ತಪ್ಪನ್ನು ತಡೆಯಲು ಚೇಂಜ್‌ಲಾಗ್‌ಗೆ ಆಗಲಿಲ್ಲ, ನಿಜ. ಆದರೆ ತಪ್ಪು ಯಾವಾಗ ಶುರುವಾಯಿತು ಎಂದು ಯಾರೂ ಊಹಿಸಬೇಕಾಗಲಿಲ್ಲ. 0.9.8ಸಿ-1 ಎಂದು ದಿನಾಂಕ ಸಮೇತ ಬರೆದಿತ್ತು. ಅಡ್ಡಗೆರೆಯ ಆಚೆಗಿನ ಆ ಒಂದಂಕಿ ಡೆಬಿಯನ್ ತಾನು ಕಟ್ಟಿದ ಪ್ಯಾಕೇಜಿಗೆ ಕೊಡುವ ಸಂಖ್ಯೆ. ಎಡವಟ್ಟು ಮೂಲ ಓಪನ್‌ಎಸ್‌ಎಸ್‌ಎಲ್‌ನದಲ್ಲ, ಡೆಬಿಯನ್‌ನದು ಎಂಬುದೂ ಆ ಟಿಪ್ಪಣಿಯಿಂದ ಖಚಿತವಾಯಿತು.

ಈ ಲೆಕ್ಕದ ಪದ್ಧತಿಗೆ ಬೇರು 1980ರ ದಶಕದಲ್ಲಿದೆ. ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಗ್ನೂ ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕವನ್ನು ಹಂಚತೊಡಗಿದಾಗ ಅದು ಟೇಪ್‌ನಲ್ಲೂ ಹೋಗುತ್ತಿತ್ತು, ಬೆಲೆ 150 ಡಾಲರ್. ಟೇಪ್ ಕೈಗೆ ಬಂದವರಿಗೆ ಹಿಂದಿನ ಇತಿಹಾಸ ನೋಡಲು ಬೇರೆ ದಾರಿ ಇರಲಿಲ್ಲ. ಹಾಗಾಗಿ ಚೇಂಜ್‌ಲಾಗ್ ಎಂಬ ಕಡತವೂ ತಂತ್ರಾಂಶದ ಒಳಗೇ ಪ್ರಯಾಣ ಮಾಡಿತು. ದಿನಾಂಕ, ಹೆಸರು, ಇಮೇಲ್. ಕೆಳಗೆ ನಕ್ಷತ್ರ ಚಿಹ್ನೆ ಹಾಕಿ ಯಾವ ಕಡತ, ಯಾವ ಫಂಕ್ಷನ್, ಏನು ತಿದ್ದಿದ್ದು. ಬಳಕೆದಾರರಿಗೆಂದು ನ್ಯೂಸ್ ಎಂಬ ಬೇರೊಂದು ಕಡತ. ಮುಂದೆ ಗ್ನೂ ತಂತ್ರಾಂಶಗಳ 1991ರ ಜಿಪಿಎಲ್ ಪರವಾನಗಿಯ ಎರಡನೇ ಆವೃತ್ತಿಯೂ ಕಡತ ತಿದ್ದಿದವರು ಹಾಗೆಂದು ದಿನಾಂಕ ಸಹಿತ ಎದ್ದುಕಾಣುವಂತೆ ಬರೆಯಬೇಕು ಎಂದಿತು. ಯಾರೋ ಮಾಡಿದ ತಪ್ಪಿಗೆ ಮೂಲ ಲೇಖಕರ ಹೆಸರು ಕೆಡಬಾರದು ಎಂಬುದು ಅದರ ಹಿಂದಿನ ಕಾಳಜಿ.

ಡೆಬಿಯನ್ ಈ ಕಡತಕ್ಕೆ ಅಧಿಕಾರವನ್ನೂ ಕೊಟ್ಟಿತು. ಅಲ್ಲಿ ಮೊದಲ ಸಾಲಿನಲ್ಲಿ ಪ್ಯಾಕೇಜಿನ ಹೆಸರು, ಆವರಣದಲ್ಲಿ ಆವೃತ್ತಿ, ತುರ್ತು ಎಷ್ಟು ಎಂಬ ಸೂಚನೆ. ಕೊನೆಯ ಸಾಲಿನಲ್ಲಿ ಒಂದು ಖಾಲಿ ಜಾಗ, ಎರಡು ಅಡ್ಡಗೆರೆ, ಹೆಸರು, ಇಮೇಲ್, ಆಮೇಲೆ ಸರಿಯಾಗಿ ಎರಡು ಖಾಲಿ ಜಾಗ ಬಿಟ್ಟು ದಿನಾಂಕ. ಒಂದು ಜಾಗ ಕಡಿಮೆಯಾದರೂ ಕ್ರಮ ತಪ್ಪಿತು! ಪ್ಯಾಕೇಜ್ ಕಟ್ಟುವ ಸಾಧನ ಆವೃತ್ತಿ ಸಂಖ್ಯೆಯನ್ನು ಓದಿಕೊಳ್ಳುವುದೇ ಇಲ್ಲಿಂದ. ಟಿಪ್ಪಣಿಯಲ್ಲಿ ‘ಕ್ಲೋಸಸ್’ ಎಂದು ದೂರಿನ ಸಂಖ್ಯೆ ಬರೆದರೆ, ಪ್ಯಾಕೇಜ್ ಸ್ವೀಕೃತವಾದಾಗ ಆ ದೂರು ತಾನಾಗಿಯೇ ಮುಚ್ಚುತ್ತದೆ.

2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಗಿಟ್ ಎಂಬ ಸಾಧನ ಬರೆದರು. ಪ್ರತಿ ತಿದ್ದುಪಡಿಯ ಲೆಕ್ಕವನ್ನು ಸಾಧನವೇ ಇಡುವಾಗ ಕೈಬರಹದ ಕಡತ ಯಾಕೆ ಎಂಬ ಪ್ರಶ್ನೆ ಸಹಜ. ಇಮ್ಯಾಕ್ಸ್ ಕೂಡ ಕೊನೆಗೆ ಗಿಟ್ ದಾಖಲೆಯಿಂದಲೇ ಚೇಂಜ್‌ಲಾಗ್ ತಯಾರಿಸಿಕೊಳ್ಳತೊಡಗಿತು. ಆದರೆ ಗಿಟ್‌ನ ಪಟ್ಟಿಯನ್ನೇ ಬಳಕೆದಾರರ ಮುಂದೆ ಸುರಿದರೆ, ಊಟಕ್ಕೆ ಏನು ಮಾಡಿದ್ದೀರಿ ಎಂದವರಿಗೆ ಕಿರಾಣಿ ಚೀಟಿ ಕೊಟ್ಟಂತೆ. ಇದನ್ನು ವಿರೋಧಿಸಿಯೇ ಒಲಿವಿಯೆ ಲಕಾಂ 2014ರಲ್ಲಿ ‘ಕೀಪ್ ಎ ಚೇಂಜ್‌ಲಾಗ್’ ಎಂಬ ಮಾರ್ಗಸೂಚಿ ಬರೆದರು: ಸೇರಿದ್ದು, ಬದಲಾದದ್ದು, ತೆಗೆದದ್ದು, ಸರಿಪಡಿಸಿದ್ದನ್ನು ವಿಂಗಡಿಸಿ, ಮನುಷ್ಯರು ಓದುವಂತೆ ಬರೆಯಿರಿ ಎಂದು. ಮೊಬೈಲ್ ಆ್ಯಪ್‌ಗಳ ‘ಸಣ್ಣಪುಟ್ಟ ದೋಷ ಸರಿಪಡಿಸಲಾಗಿದೆ’ ಎಂಬ ಸವಕಲು ಸಾಲು ಓದಿ ಬೇಸತ್ತವರಿಗೆ ಇದರ ಬೆಲೆ ಗೊತ್ತು.

ದಾಖಲೆಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಬಯಲಿಗೆಳೆದ, ಕಡತ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ ಪ್ರಕರಣದಲ್ಲಿ ಕಳ್ಳದಾರಿಯ ಸರಕು ಪರೀಕ್ಷಾ ಕಡತಗಳ ವೇಷದಲ್ಲಿ ಗಿಟ್‌ನಲ್ಲೇ ಇತ್ತು. ಅದನ್ನು ಜಾಗೃತಗೊಳಿಸುವ ಸಾಲುಗಳು ಮಾತ್ರ ಬಿಡುಗಡೆಯಾದ 5.6.0 ಮತ್ತು 5.6.1 ಆವೃತ್ತಿಗಳ ಮೂಲ ಕಡತಗಳ ಕಟ್ಟಾದ ಟಾರ್‌ಬಾಲ್‌ನಲ್ಲಿದ್ದವು, ಗಿಟ್‌ನಲ್ಲಿರಲಿಲ್ಲ. ಸುಳಿವು ಸಿಕ್ಕಿದ್ದು ಲೆಕ್ಕಪುಸ್ತಕದಿಂದಲ್ಲ; ದೂರದ ಯಂತ್ರಕ್ಕೆ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾದದ್ದರಿಂದ.

ಕನ್ನಡದ ಗುಬ್ಬಿ, ನವಿಲು ಫಾಂಟ್‌ಗಳೂ ಡೆಬಿಯನ್ ಪ್ಯಾಕೇಜುಗಳೇ. ಅವಕ್ಕೂ ಇಂಥ ಚೇಂಜ್‌ಲಾಗ್ ಉಂಟು. ನಿಮ್ಮ ಯಂತ್ರದಲ್ಲಿ ಡೆಬಿಯನ್ ಇದ್ದರೆ ಆಪ್ಟ್-ಲಿಸ್ಟ್‌ಚೇಂಜಸ್ ಎಂಬ ಪುಟ್ಟ ಸಾಧನ ಹಾಕಿಕೊಂಡು ಹೊಂದಿಸಿಕೊಳ್ಳಿ. ಅಪ್‌ಡೇಟ್ ಆಗುವ ಮುನ್ನವೇ ಹೊಸ ಟಿಪ್ಪಣಿಗಳನ್ನು ಅದು ತೆರೆಯ ಮೇಲೆ ತಂದಿಡುತ್ತದೆ. ಎಲ್ಲವನ್ನೂ ಅಲ್ಲದಿದ್ದರೂ ಓಪನ್‌ಎಸ್‌ಎಸ್‌ಎಲ್‌ನದ್ದನ್ನಾದರೂ ಓದಿ.