ಸಾಮಾಜಿಕ ಜಾಲತಾಣಗಳೂ ವಿದ್ಯಾರ್ಥಿನಿಯರೂ

ಗಂಗಾವತಿ ಸೀಮೆಯಲ್ಲಿ, ಮರಳಿಯಂತಹ ಗ್ರಾಮಗಳಲ್ಲಿ, ಸುಗ್ಗಿ ಮುಗಿದ ಮೇಲೆ ಏಳುವ ಹುಲ್ಲಿನ ಬಣವೆಗಳ ಬಳಿ ಕಿಡಿಯೊಂದು ಬಿದ್ದರೆ ಏನಾಗುವುದೆಂಬುದನ್ನು ಎಲ್ಲರೂ ಬಲ್ಲರು. ನಾಲಿಗೆಯನ್ನು ಬೆಂಕಿಗೆ ಹೋಲಿಸಿದ ಯಾಕೋಬನ ಪತ್ರಿಕೆಯ ಉಪದೇಶವೂ ನಮ್ಮ ಬಾಲಿಕೆಯರಿಗೆ ಅಪರಿಚಿತವಾದುದಲ್ಲ. ಈಗ ಆ ನಾಲಿಗೆಯ ಕೆಲಸವನ್ನು ಅಂಗೈಯಗಲದ ಮೊಬೈಲು ಮಾಡುತ್ತಿರುವುದು.

ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೊದಲಾದವುಗಳಿಂದ ಪ್ರಯೋಜನವಿಲ್ಲವೆಂದು ಯಾರೂ ಹೇಳಲಾರರು. ಪಾಠದ ಟಿಪ್ಪಣಿಯೂ, ದೂರದೂರಿಗೆ ದುಡಿಯಹೋದ ಅಣ್ಣನ ಕ್ಷೇಮಸಮಾಚಾರವೂ ಅವುಗಳಿಂದಲೇ ಬರುತ್ತಿರುವುವು. ಆದಾಗ್ಯೂ ಒಂದು ಮಾತನ್ನು ಮರೆಯಬಾರದು. ಕೈಬಿಟ್ಟುಹೋದುದನ್ನು ಪೂರ್ಣವಾಗಿ ಹಿಂದಕ್ಕೆ ಕರೆಯಲಾಗದು. ಅಳಿಸುವ ಉಪಾಯವಿರುವುದು ನಿಜವೇ. ಆದರೆ ಅಷ್ಟರೊಳಗೆ ನಕಲು ಮಾಡಿಕೊಂಡವರ ಬಳಿಯಲ್ಲಿ ಅದು ಉಳಿದೇ ಉಳಿಯುವುದು.

ಇದರ ಪರಿಣಾಮವು ಎಷ್ಟು ಘೋರವಾದುದೆಂಬುದಕ್ಕೆ ನಮ್ಮ ಕಲ್ಯಾಣ ಕರ್ನಾಟಕದಲ್ಲಿಯೇ ನಿದರ್ಶನವಿರುವುದು. 2018ನೆಯ ಇಸವಿ ಜುಲೈ 13ರಂದು ಬೀದರ ಜಿಲ್ಲೆಯ ಹಳ್ಳಿಯೊಂದರಲ್ಲಿ, ಹೈದರಾಬಾದಿನಿಂದ ಬಂದಿದ್ದವರು ಮಕ್ಕಳಿಗೆ ಚಾಕೊಲೇಟು ಕೊಟ್ಟುದನ್ನು ಕಂಡು, ಜನರು ಅವರನ್ನು ಮಕ್ಕಳ ಕಳ್ಳರೆಂದು ಶಂಕಿಸಿದರು. ಆ ಸುದ್ದಿಯು ವಾಟ್ಸಾಪಿನ ಮೂಲಕ ಅವರ ಕಾರಿಗಿಂತಲೂ ಮುಂದಾಗಿ ಮುರ್ಕಿ ಗ್ರಾಮವನ್ನು ಮುಟ್ಟಿತು. ಅಲ್ಲಿ ನೆರೆದ ಗುಂಪು ನಿರಪರಾಧಿಯಾದ ತರುಣನೊಬ್ಬನನ್ನು ಹೊಡೆದು ಕೊಂದಿತು. ಬಿಡಿಸಹೋದ ಪೊಲೀಸರೂ ಗಾಯಗೊಂಡರು. ಮುರ್ಕಿಯ ಜನರು ಕಣ್ಣಾರೆ ಕಂಡುದು ಏನೂ ಇರಲಿಲ್ಲ. ಮೊಬೈಲು ಹೇಳಿದುದನ್ನೇ ನಂಬಿದರು. ಅದೇ ವರ್ಷ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ದಾಟಿಸುವಂತೆ ಮಿತಿಯನ್ನು ವಿಧಿಸಿತು. ಆದರೆ ಕಳುಹಿಸಿದವರೂ ಪಡೆದವರೂ ಹೊರತು ಮತ್ತಾರೂ ಓದಲಾಗದಂತೆ ಆ ಸಂದೇಶಗಳು ಮುದ್ರಿತವಾಗಿರುವುದರಿಂದ, ಸತ್ಯಾಸತ್ಯಗಳನ್ನು ಪರೀಕ್ಷಿಸುವ ಭಾರವು ಕಳುಹಿಸುವವರ ಮೇಲೆಯೇ ಇರುವುದು.

ಭಾವಚಿತ್ರದ ವಿಷಯವೂ ಹೀಗೆಯೇ. ಮುಖಪರಿಚಯವಿಲ್ಲದವನೊಬ್ಬನು ಹುಡುಗಿಯ ಹೆಸರಿನಿಂದಲೇ ಸ್ನೇಹ ಬೆಳೆಸಿ, ಚಿತ್ರವನ್ನು ತರಿಸಿಕೊಂಡು, ಬಳಿಕ ಅದನ್ನು ಊರಿಗೆಲ್ಲ ತೋರಿಸುವೆನೆಂದು ಹೆದರಿಸಬಹುದು. ಸಾಧಾರಣವಾದ ಚಿತ್ರವನ್ನೂ ಅಸಹ್ಯವಾಗಿ ಮಾರ್ಪಡಿಸುವ ಯಂತ್ರಗಳು ಈಗ ಬಂದಿರುವುವು. ಇಂತಹವನ ಬಲವೆಲ್ಲವೂ ಹುಡುಗಿಯ ಮೌನದಲ್ಲಿರುವುದು. ಮನೆಯಲ್ಲಿ ಹೇಳಿದರೆ ಶಾಲೆಯನ್ನು ಬಿಡಿಸಿಯಾರೆಂಬ ಭಯದಿಂದ ಆಕೆಯು ಬಾಯಿ ಬಿಡಳು. ಅವನಾದರೋ ಆ ಭಯವನ್ನೇ ನಂಬಿಕೊಂಡಿರುವನು.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆ ಏನೆಂದರೆ, ಮಗಳು ಅಳುತ್ತ ಬಂದಾಗ ಮೊದಲು ಆಕೆಯ ಮಾತನ್ನು ಕೇಳಿರಿ; ಬೈಗುಳಕ್ಕೂ ಶಾಲೆ ಬಿಡಿಸುವುದಕ್ಕೂ ಮುಂದಾಗಬೇಡಿರಿ. ಅಪರಾಧವು ಹೆದರಿಸಿದವನದು. ಮಕ್ಕಳ ಅಶ್ಲೀಲ ಚಿತ್ರಗಳನ್ನು ಹರಡುವುದು 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೇರೆಗೆ ಶಿಕ್ಷಾರ್ಹವಾದುದು. ಸಂದೇಶಗಳನ್ನು ಅಳಿಸದೆ ಸಾಕ್ಷ್ಯವಾಗಿ ಇಟ್ಟುಕೊಂಡು ಪೊಲೀಸರಿಗೆ ತಿಳಿಸತಕ್ಕದ್ದು. 1098 ಎಂಬ ಮಕ್ಕಳ ಸಹಾಯವಾಣಿಯು ಹಗಲಿರುಳೂ ಉಚಿತವಾಗಿ ದೊರೆಯುವುದು.

ಸಹೋದರಿಯರೇ, ಕಳುಹಿಸುವ ಮುನ್ನ ಒಂದು ನಿಮಿಷ ತಡೆಯಿರಿ. ಇದು ಸತ್ಯವೇ, ಇದರಿಂದ ಯಾರಿಗಾದರೂ ಕೇಡಾದೀತೇ ಎಂದು ವಿಚಾರಿಸಿರಿ. ತೊಡಕಿನಲ್ಲಿ ಸಿಲುಕಿದರೆ ತಾಯಿಯೊಡನೆಯಾಗಲಿ ಉಪಾಧ್ಯಾಯಿನಿಯೊಡನೆಯಾಗಲಿ ಆ ದಿನವೇ ಹೇಳಿರಿ.