ಕೆಂಡದ ಮೇಲಿನ ಬಾಡು, ಬದುವಿನ ಸೊಪ್ಪು

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ‘ಬಿಸ್ತೆಕ್ಕಾ ಅಲ್ಲಾ ಫಿಯೊರೆಂತೀನಾ’, ಅಂದರೆ ಫ್ಲಾರೆನ್ಸಿನ ಸ್ಟೇಕ್, ಮಾಡುವುದು ಹೇಗೆಂದು ಕೇಳಿದರೆ ಸಿಗುವ ಉತ್ತರದಲ್ಲಿ ಬಹುಪಾಲು ಬೇಡಗಳೇ. ಮಸಾಲೆ ಬೇಡ, ನೆನೆಹಾಕುವುದು ಬೇಡ, ಎಣ್ಣೆ ಸವರಬೇಡ, ಫೋರ್ಕಿನಿಂದ ಚುಚ್ಚಬೇಡ, ಜಾಸ್ತಿ ಹೊತ್ತು ಬೇಯಿಸಲೇಬೇಡ. ಇಷ್ಟನ್ನೆಲ್ಲ ಕಳೆದ ಮೇಲೆ ಉಳಿಯುವುದು ಮೂರು ನಾಲ್ಕು ಬೆರಳು ದಪ್ಪದ ಒಂದು ತುಂಡು ದನದ ಮಾಂಸ, ಒಂದು ಬಾನಿ ಕೆಂಡ, ಒಂದು ಚಿಟಿಕೆ ಉಪ್ಪು. ಬಾಡು ಎಂದರೆ ಶುಂಠಿ, ಚಕ್ಕೆ, ಲವಂಗ, ಕೊತ್ತಂಬರಿ ಎಂದು ಬೆಳೆದ ನಮ್ಮ ನಾಲಿಗೆಗೆ ಇದು ಅಡುಗೆ ಶುರುವಾಗುವ ಮೊದಲೇ ಮುಗಿದಂತೆ ಕಾಣುತ್ತದೆ. ಆ ತಟ್ಟೆಯ ಪಕ್ಕಕ್ಕೆ ಇನ್ನೊಂದು ತಟ್ಟೆ ಬರುತ್ತದೆ. ಹಲವು ಕಡೆ ಅದರಲ್ಲಿ ಬೇಯಿಸಿದ ಬಿಳಿ ಬೀನ್ಸ್ ಇರುತ್ತದೆ. ಹಳ್ಳಿಗಾಡಿನ ಮನೆಯಾದರೆ, ಕಾಲವೂ ಕೂಡಿಬಂದಿದ್ದರೆ, ಹೊಲದ ಬದುವಿನಿಂದ ಕಿತ್ತುತಂದು ಬೆಳ್ಳುಳ್ಳಿಯಲ್ಲಿ ಬಾಡಿಸಿದ ಕಹಿ ಸೊಪ್ಪು. ಪ್ರವಾಸಿಗಳು ಫೋಟೊ ತೆಗೆಯುವುದು ಮಾಂಸದ್ದು. ಹೆಚ್ಚು ವಿದ್ಯೆ ಅಡಗಿರುವುದು ಸೊಪ್ಪಿನಲ್ಲಿ ಎಂಬುದು ನನ್ನ ಎಣಿಕೆ.

ದನದ ಮಾಂಸ ತಿನ್ನದವರು ಇಲ್ಲಿಗೇ ಪುಟ ಮಗುಚಬೇಕಾಗಿಲ್ಲ. ಬೆಂಕಿಯ ವಿಚಾರ ಕುರಿಗೂ ಮೀನಿಗೂ ಸಲ್ಲುತ್ತದೆ, ಸೊಪ್ಪಿನ ವಿಚಾರ ಎಲ್ಲರದೂ.

ಫ್ಲಾರೆನ್ಸಿನಿಂದ ಆಗ್ನೇಯಕ್ಕೆ ಅರೆಝೊ ಊರಿನ ಕಡೆ ಹೋದರೆ ಕಿಯಾನಾ ಕಣಿವೆ. ಅಲ್ಲಿಯ ದನ ಕಿಯಾನಿನಾ. ಮೈ ಬಿಳಿ, ಮೂತಿ ಕಪ್ಪು, ಎತ್ತರವೆಂದರೆ ಪಕ್ಕದಲ್ಲಿ ನಿಂತ ಆಳು ಕುಳ್ಳನಾಗಿ ಕಾಣುವಷ್ಟು. ಬೆಳೆದ ಹೋರಿ 1,500 ಕಿಲೋ ದಾಟುವುದುಂಟು. ಇದನ್ನು ಸಾಕಿದ್ದು ಉಳುಮೆಗೆ. ಟ್ರ್ಯಾಕ್ಟರ್ ಬಂದು ನೊಗ ಇಳಿಸುವವರೆಗೆ, ಎಂದರೆ ಕಳೆದ ಶತಮಾನದ ನಡುಗಾಲದವರೆಗೆ, ಟಸ್ಕನಿಯ ನೇಗಿಲು ಎಳೆದದ್ದು ಈ ಜೋಡಿಗಳೇ. ದುಡಿಮೆಗೆಂದೇ ತಿದ್ದಿದ ತಳಿ ಎಂಬ ಮಟ್ಟಿಗೆ ನಮ್ಮ ಹಳ್ಳಿಕಾರ್, ಅಮೃತಮಹಲ್‌ಗಳ ಓರಗೆಯದು. ದುಡಿಮೆ ತಪ್ಪಿದ ಮೇಲೆ ಹಿಡಿದ ದಾರಿ ಬೇರೆ. ಎಳೆಯುವ ದನದ ಸ್ನಾಯುವಿನಲ್ಲಿ ನೆಣ ಕಡಿಮೆ. ಅಮೆರಿಕದ, ಜಪಾನಿನ ದುಬಾರಿ ಮಾಂಸದಲ್ಲಿ ಕೊಬ್ಬು ಎಳೆಎಳೆಯಾಗಿ ಹೆಣೆದುಕೊಂಡಿದ್ದು, ಒಂದೆರಡು ನಿಮಿಷ ಹೆಚ್ಚು ಬೆಂದರೂ ಅದೇ ಕಾಪಾಡುತ್ತದೆ. ಕಿಯಾನಿನಾದಲ್ಲಿ ಆ ರಿಯಾಯಿತಿ ಇಲ್ಲ. ಮೀರಿ ಬೆಂದರೆ ಚಕ್ಕಳ. ಟಸ್ಕನಿಯವರು ಅರೆಬೆಂದ ಮಾಂಸಕ್ಕೆ ಪಟ್ಟು ಹಿಡಿಯುವುದರ ಹಿಂದೆ ಈ ಕಾರಣವಿದೆ, ಬರೀ ಜಂಬವಲ್ಲ.

ತುಂಡನ್ನು ಸೊಂಟದ ಭಾಗದಿಂದ, ನಡುವೆ ಇಂಗ್ಲಿಷಿನ ಟೀ ಅಕ್ಷರದಂಥ ಮೂಳೆ ಬರುವಂತೆ ಕಡಿಯುತ್ತಾರೆ. ಮೂಳೆಯ ಒಂದು ಮಗ್ಗುಲಿಗೆ ಬೆಣ್ಣೆಯಂಥ ಒಳತುಂಡು, ಇನ್ನೊಂದು ಮಗ್ಗುಲಿಗೆ ನಾರು ತುಸು ಬಿಗಿಯಾದ, ರುಚಿ ಹೆಚ್ಚಿನ ಹೊರತುಂಡು. ತೂಕ ಒಂದು, ಒಂದೂವರೆ ಕಿಲೋ. ಇಬ್ಬರು ಮೂವರು ಹಂಚಿಕೊಂಡು ತಿನ್ನುವ ಬಾಬತ್ತು. ಕಡಿದ ದಿನವೇ ಸುಟ್ಟರೆ ಹಲ್ಲಿಗೆ ಬಗ್ಗುವುದಿಲ್ಲ. ಎರಡು ಮೂರು ವಾರ ತಣ್ಣನೆಯ ಕೋಣೆಯಲ್ಲಿ ತೂಗುಹಾಕುತ್ತಾರೆ. ಅಷ್ಟರಲ್ಲಿ ಸ್ನಾಯುವಿನೊಳಗಿನ ಕಿಣ್ವಗಳೇ ನಾರನ್ನು ಸಡಿಲಿಸುತ್ತವೆ, ಮೈಯ ನೀರು ಒಂದಿಷ್ಟು ಆರಿ ರುಚಿ ಗಟ್ಟಿಯಾಗುತ್ತದೆ.

ಈಗಿನ ನಾಲ್ಕು ಬೆರಳಿನ ಗಾತ್ರ ಅನಾದಿ ಕಾಲದ್ದು ಎಂದು ಹೋಟೆಲಿನವರು ಹೇಳಿದರೆ ನಂಬಬೇಡಿ. ಫ್ಲಾರೆನ್ಸಿನಲ್ಲಿ ನೆಲೆಸಿದ್ದ ಪೆಲ್ಲೆಗ್ರೀನೊ ಆರ್ತೂಸಿ 1891ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಅಡುಗೆ ಪುಸ್ತಕ ಇಟಲಿಯ ಮನೆಮನೆಗೂ ಹೋಯಿತು. ಅವನ ಲೆಕ್ಕದಲ್ಲಿ ತುಂಡಿನ ದಪ್ಪ ಒಂದು ಬೆರಳು, ಹೆಚ್ಚೆಂದರೆ ಒಂದೂವರೆ. ಹಲವು ಸಲ ಮಗುಚಿ ಎನ್ನುತ್ತಾನೆ. ಈಗಿನವರು ಒಂದೇ ಸಲ ಎಂದು ಹಟ ಹಿಡಿಯುತ್ತಾರೆ. ಬೆಂದ ಮೇಲೆ ಒಂದು ಚೂರು ಬೆಣ್ಣೆ ಇಡಲು ಹೇಳುತ್ತಾನೆ. ಈಗ ಯಾರಾದರೂ ಬೆಣ್ಣೆ ತಂದರೆ ಊಟದ ಮೇಜಿನಲ್ಲೇ ರಂಪವಾದೀತು. ಉಪ್ಪು ಬೆಂದ ಮೇಲೆಯೇ ಎಂಬುದೊಂದರಲ್ಲಿ ಮಾತ್ರ ಅವನಿಗೂ ಇವರಿಗೂ ರಾಜಿ.

ಆ ಮೂಳೆಯ ಮೇಲಿನ ಮೋಹ ಎಷ್ಟೆಂಬುದು 2001ರಲ್ಲಿ ಗೊತ್ತಾಯಿತು. ಹುಚ್ಚುಹಸು ರೋಗದ ಭೀತಿಯಲ್ಲಿ ಯುರೋಪಿನ ಒಕ್ಕೂಟ ಬೆನ್ನುಮೂಳೆ ಸೇರಿದ ದನದ ಮಾಂಸ ಮಾರುವುದನ್ನು ತಡೆಯಿತು. ಪಾಂಝಾನೊ ಎಂಬ ಹಳ್ಳಿಯಲ್ಲಿ ದಾರಿಯೊ ಚೆಕ್ಕೀನಿ ಎಂಬ ಮಾಂಸದಂಗಡಿಯವನು ಬಿಸ್ತೆಕ್ಕಾಗೆ ಶವಪೆಟ್ಟಿಗೆ ಸಮೇತ ಅಣಕು ಶವಸಂಸ್ಕಾರವನ್ನೇ ಮಾಡಿಸಿದ. 2006ರಲ್ಲಿ ನಿಷೇಧ ಸಡಿಲವಾಗಿ ಮೂಳೆ ಮತ್ತೆ ತಟ್ಟೆಗೆ ಬಂತು.

ಈಗ ಬೆಂಕಿ. ಕಟ್ಟಿಗೆ ಓಕ್ ಮರದ್ದು ಅಥವಾ ಆಲಿವ್ ಮರದ್ದು. ಜ್ವಾಲೆ ಅಡಗಿ, ಕೆಂಡ ನಿಗಿನಿಗಿಯಾಗಿ, ಮೇಲೊಂದು ತೆಳ್ಳನೆ ಬೂದಿ ಕೂತ ಮೇಲೆಯೇ ಜಾಲರಿ ಇಡುವುದು. ಅಂಗೈಯನ್ನು ಜಾಲರಿಯ ಎತ್ತರಕ್ಕೆ ಹಿಡಿದು ನೋಡುತ್ತಾರೆ. ಒಂದು, ಎರಡು, ಮೂರು ಎನ್ನುವಷ್ಟರಲ್ಲಿ ಕೈ ತಾನಾಗಿ ಹಿಂದೆ ಸರಿಯಬೇಕು. ಅಷ್ಟು ಹೊತ್ತಿಗೆ ಮಾಂಸ ಒಂದೆರಡು ಗಂಟೆ ಹೊರಗಿದ್ದು ಕೋಣೆಯ ಕಾವಿಗೆ ಬಂದಿರಬೇಕು, ಮೈ ಒರೆಸಿ ಒಣಗಿಸಿರಬೇಕು. ಒಣಗಿಸುವುದು ಬರೀ ಅಚ್ಚುಕಟ್ಟಿಗಲ್ಲ. ಮೇಲ್ಮೈಯಲ್ಲಿ ನೀರಿರುವ ತನಕ ಕಾವೆಲ್ಲ ಅದನ್ನು ಆವಿ ಮಾಡುವುದಕ್ಕೇ ಖರ್ಚಾಗಿ, ಅಲ್ಲಿಯ ಉಷ್ಣತೆ 100 ಡಿಗ್ರಿ ಮೀರುವುದಿಲ್ಲ. ಕಂದುಬಣ್ಣ ಬೇಗ ಏರಬೇಕಾದರೆ 140 ಡಿಗ್ರಿಯಾದರೂ ಬೇಕು. ಪ್ರೋಟೀನಿನ ಅಂಶವೂ ಸಕ್ಕರೆಯ ಅಂಶವೂ ಕಾವಿನಲ್ಲಿ ಕೂಡಿ ಆ ಬಣ್ಣ, ಆ ವಾಸನೆ ಹುಟ್ಟಿಸುವುದನ್ನು ಫ್ರಾನ್ಸಿನ ಲೂಯಿ ಕಮೀಯ್ ಮಯ್ಯಾರ್ 1912ರಲ್ಲಿ ವಿವರಿಸಿದ. ದೋಸೆಯ ಕೆಂಪಂಚು, ಹುರಿದ ಕಾಫಿ ಬೀಜ, ಇವೂ ಅದೇ ಕ್ರಿಯೆಯ ಫಲ. ಉಪ್ಪನ್ನು ತಡಮಾಡಿ ಹಾಕುವ ಹಟಕ್ಕೂ ಇಲ್ಲೇ ಉತ್ತರವಿದೆ: ಸುಡುವ ಐದು ಹತ್ತು ನಿಮಿಷ ಮೊದಲು ಉಪ್ಪು ಹಾಕಿದರೆ ಅದು ನೀರನ್ನು ಹೊರಗೆಳೆದು ಮೈಯನ್ನು ಒದ್ದೆ ಮಾಡುತ್ತದೆ. ಮುಕ್ಕಾಲು ಗಂಟೆಗೂ ಹೆಚ್ಚು ಮುಂಚೆ ಹಾಕಿದರೆ ಆ ಉಪ್ಪುನೀರು ಮತ್ತೆ ಒಳಗೆ ಇಳಿಯುತ್ತದೆ, ಅದೂ ಸರಿಯೇ. ಇದನ್ನು ಫ್ಲಾರೆನ್ಸಿನಲ್ಲಿ ನಿಂತು ಹೇಳಲು ಮಾತ್ರ ಧೈರ್ಯ ಬೇಕು.

ಜಾಲರಿಗೆ ಬಿದ್ದ ಕ್ಷಣದಿಂದ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ಸದ್ದು ಜೋರಾಗಿ, ಒಂದೇ ಸಮನೆ ಚುರ್ರೆನ್ನುತ್ತಿದ್ದರೆ ಸರಿ. ನೆಣದ ಹನಿ ಕೆಂಡಕ್ಕೆ ಬಿದ್ದು ಭಗ್ಗೆಂದು ಜ್ವಾಲೆ ಎದ್ದರೆ ಇಕ್ಕಳದಿಂದ ತುಂಡನ್ನು ಪಕ್ಕಕ್ಕೆ ಸರಿಸುತ್ತಾರೆ. ಬಿಟ್ಟರೆ ಮಸಿ ಹಿಡಿದು ಕಮಟು ಬರುತ್ತದೆ. ಒಂದು ಬದಿಗೆ ನಾಲ್ಕೈದು ನಿಮಿಷ, ಮಗುಚಿ ಇನ್ನೊಂದು ಬದಿಗೆ ಅಷ್ಟೇ. ಒಳತುಂಡು ಬೇಗ ಬೇಯುವುದರಿಂದ ಅದನ್ನು ಕಾವು ಕಡಿಮೆಯಿರುವ ಕಡೆಗೆ ತಿರುಗಿಸಿಡುತ್ತಾರೆ. ಆಮೇಲೆ ಬರುವುದು ನನಗೆ ಬಹಳ ಇಷ್ಟವಾದ ಘಟ್ಟ. ತುಂಡನ್ನು ಎತ್ತಿ ಮೂಳೆಯ ಮೇಲೆ ನೆಟ್ಟಗೆ ನಿಲ್ಲಿಸುತ್ತಾರೆ. ದಪ್ಪ ತುಂಡಾದ್ದರಿಂದ ಅದು ಬೀಳದೆ ನಿಲ್ಲುತ್ತದೆ. ಐದಾರು ನಿಮಿಷ ಮೂಳೆಯೇ ಬೆಂಕಿಗೆ ಒಡ್ಡಿಕೊಂಡು, ಮಾಂಸಕ್ಕೆ ಕಾವು ಮೆಲ್ಲಗೆ ಏರುತ್ತದೆ. ಮೇಲ್ಮೈ ಇನ್ನಷ್ಟು ಸೀಯದೆ ನಡುಭಾಗ 50 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಬಣ್ಣ ಕೆಂಪು, ಬೆಚ್ಚಗಿರಬೇಕು, ಹಸಿ ತಣ್ಣಗೆ ಇರಬಾರದು.

ಹೊರಪದರ ಸೀದರೆ ರಸ ಒಳಗೇ ಬಂದಿಯಾಗುತ್ತದೆ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ರಸಾಯನ ವಿಜ್ಞಾನಿ ಲೀಬಿಗ್ ಹಬ್ಬಿಸಿದ ನಂಬಿಕೆ ಅದು. ಪದರ ಕಟ್ಟಿದ ಮೇಲೂ ಜಾಲರಿಯ ಮೇಲೆ ಚುರುಗುಟ್ಟುತ್ತಲೇ ಇರುವುದು ಒಳಗಿಂದ ಸೋರುವ ರಸವೇ. ಕೆಂಪಗೆ ಸುಡುವುದು ರುಚಿಗಾಗಿ. ರಸ ಉಳಿಯುವುದು ಹೊತ್ತಿಗೆ ಸರಿಯಾಗಿ ಇಳಿಸಿದರೆ ಮಾತ್ರ.

ಇಷ್ಟನ್ನು ಗಮನವಿಟ್ಟು ಕಲಿಯುವವರು ಒಂದು ಬೇಸಿಗೆಯಲ್ಲಿ ಕಲಿಯಬಹುದು. ಸೊಪ್ಪು ಹಾಗಲ್ಲ.

ಟಸ್ಕನಿಯ ಬದುವಿನ ಸೊಪ್ಪುಗಳಲ್ಲಿ ದೊಡ್ಡ ಹೆಸರು ಕಾಡು ಚಿಕೋರಿಯದು. ನಮಗೆ ಅದು ಅಪರಿಚಿತವೇನಲ್ಲ: ಫಿಲ್ಟರ್ ಕಾಫಿಯ ಪುಡಿಗೆ ಬೆರೆಸುವ ಚಿಕೋರಿ ಅದೇ ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ನಾವು ಬೇರನ್ನು ಕುಡಿದೆವು, ಅವರು ಎಲೆಯನ್ನು ತಿಂದರು. ಜತೆಗೆ ಹಳದಿ ಹೂವಿನ ಡ್ಯಾಂಡೆಲಿಯನ್. ಎರಡರ ಎಲೆಯೂ ನೆಲಕ್ಕೆ ಅಂಟಿಕೊಂಡು ಚಕ್ರದಂತೆ ಹರಡುತ್ತದೆ, ಎರಡರ ಅಂಚೂ ಗರಗಸದಂತೆ. ಬಲ್ಲವರು ಬೆರಳಿನಿಂದ ಬೇರ್ಪಡಿಸುತ್ತಾರೆ. ಎಲೆಯ ಹಿಂಬದಿಯ ನಡುನರದ ಮೇಲೆ ಬೆರಳು ಓಡಿಸಿದಾಗ ಒರಟು ರೋಮ ತಾಗಿದರೆ ಚಿಕೋರಿ, ನಯವಾಗಿದ್ದರೆ ಡ್ಯಾಂಡೆಲಿಯನ್.

ಕೀಳುವುದು ಎಂದೆನಾದರೂ ಕೀಳುವುದಲ್ಲ. ಎಡಗೈಯಲ್ಲಿ ಎಲೆಗಳನ್ನೆಲ್ಲ ಒಂದು ಮುಷ್ಟಿಗೆ ಬಾಚಿ ಹಿಡಿದು, ಬಲಗೈಯ ಗಿಡ್ಡ ಚೂರಿಯನ್ನು ಓರೆಯಾಗಿ ಮಣ್ಣಿಗೆ ಇಳಿಸಿ, ನೆಲಮಟ್ಟಕ್ಕಿಂತ ಒಂದು ಬೆರಳು ಕೆಳಗೆ ಬೇರನ್ನು ಕತ್ತರಿಸುತ್ತಾರೆ. ಮೇಲೆ ಕುಯ್ದರೆ ಎಲೆ ಬಿಡಿಬಿಡಿಯಾಗಿ ಚೆದರುತ್ತದೆ, ತೀರ ಆಳಕ್ಕೆ ಹೋದರೆ ಮಣ್ಣೂ ನಾರೂ ಬರುತ್ತದೆ. ಸರಿಯಾದ ಕಡೆ ತಾಗಿದರೆ ಇಡೀ ಗಿಡ ಹೂವಿನಂತೆ ಒಂದೇ ಕಟ್ಟಾಗಿ ಕೈಗೆ ಬರುತ್ತದೆ, ಬುಡದಲ್ಲಿ ಬಿಳಿ ಹಾಲು ಜಿನುಗುತ್ತದೆ. ನೆಲದೊಳಗೆ ಉಳಿದ ಬೇರು ಮತ್ತೆ ಚಿಗುರುತ್ತದೆ.

ಇದಕ್ಕೊಂದು ಪಂಚಾಂಗವಿದೆ. ಫೆಬ್ರವರಿ ಕೊನೆ, ಮಾರ್ಚ್: ಚಿಕೋರಿ, ಡ್ಯಾಂಡೆಲಿಯನ್ ಎಳೆಯದಾಗಿರುವ ಹೊತ್ತು. ಹೂದಂಟು ಎದ್ದಿತೆಂದರೆ ಕಹಿ ಕಡುವಾಗಿ ಎಲೆ ನಾರಾಗುತ್ತದೆ. ಏಪ್ರಿಲಿಗೆ ಮುಳ್ಳುಪೊದೆಗಳ ಸಂದಿಯಲ್ಲಿ ಕಾಡು ಆಸ್ಪರಾಗಸ್, ನಮ್ಮ ಶತಾವರಿಯ ಕುಲದ್ದೇ, ಕಡ್ಡಿಯಂಥ ತೆಳು ಚಿಗುರು. ಜತೆಗೆ ಕೈಗವಸು ಹಾಕಿಕೊಂಡು ಕೊಯ್ಯಬೇಕಾದ ನೆಟಲ್ ಎಂಬ ತುರಿಕೆ ಗಿಡ; ಕುದಿನೀರಿಗೆ ಬಿದ್ದರೆ ಅದರ ಉರಿ ಮಾಯ. ಬೇಸಿಗೆಯ ಒಣಗಿನಲ್ಲಿ ಉಳಿಯುವುದು ತೋಟದ ಕಳೆಯಾಗಿ ಹಬ್ಬುವ ಪೊರ್ಚೆಲ್ಲಾನಾ, ಎಂದರೆ ನಮ್ಮ ಗೋಣಿ ಸೊಪ್ಪು. ಅಲ್ಲಿ ಅದನ್ನು ಟೊಮೆಟೊ ಜತೆ ಹಸಿಯಾಗಿಯೇ ತಿನ್ನುತ್ತಾರೆ. ಶರತ್ಕಾಲದ ಮಳೆ ಬಿದ್ದ ಮೇಲೆ ಚಿಕೋರಿ ಮತ್ತೊಮ್ಮೆ. ಚಳಿಗಾಲಕ್ಕೆ ಬದು ಬಿಟ್ಟು ಹಿತ್ತಲಿಗೆ ಬರಬೇಕು, ಕಡುಹಸಿರಿನ ಟಸ್ಕನ್ ಕೋಸಿನ ಎಲೆಗೆ; ಹಿಮದ ಚಳಿ ತಾಗಿದರೆ ಆ ಎಲೆಯಲ್ಲಿ ಸಕ್ಕರೆ ಏರಿ ಸಿಹಿಯಾಗುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮಳೆ ಬಿದ್ದ ಮೇಲೆ ಬೆರಕೆ ಸೊಪ್ಪಿಗೆ ಹೊರಡುವ ಹೆಂಗಸರಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ. ಅಣ್ಣೆ, ಗೋಣಿ, ಕೀರೆ, ಹೊನಗೊನ್ನೆ ಎಂದು ಮಡಿಲು ತುಂಬುವ ಅವರ ಕೈಗೂ ಟಸ್ಕನಿಯ ಅಜ್ಜಿಯರ ಕೈಗೂ ಗೊತ್ತಿರುವುದು ಬರೀ ಹೆಸರುಗಳಲ್ಲ, ಯಾವುದನ್ನು ಯಾವಾಗ ಬಿಡಬೇಕು ಎಂಬುದು. ಅದಕ್ಕೆ ಸೂತ್ರ ಸಿಗುವುದಿಲ್ಲ. ಗೋಣಿ ಸೊಪ್ಪಿನ ಜತೆಯಲ್ಲೇ ನೆಲಕ್ಕೆ ಹರಡುವ ಯೂಫೋರ್ಬಿಯಾ ಜಾತಿಯ ಕಳೆಯೊಂದು ದೂರಕ್ಕೆ ಅದರಂತೆಯೇ ಕಾಣುತ್ತದೆ. ದಂಟು ಮುರಿದಾಗ ಹಾಲು ಬಂದರೆ ಎಸೆಯಬೇಕು, ಅದು ವಿಷ. ಅದೇ ಹಾಲು ಚಿಕೋರಿಯಲ್ಲಿ ಬಂದರೆ ಆಹಾರ. ಸಾಕ್ರಟೀಸನನ್ನು ಕೊಂದ ಹೆಮ್ಲಾಕ್ ಕೂಡ ಅಲ್ಲಿಯ ಬದುಗಳಲ್ಲಿ ಬೆಳೆಯುತ್ತದೆ, ಎಲೆ ಕಾಡು ಕ್ಯಾರೆಟ್ಟಿನಂತೆ. ಪುಸ್ತಕದ ಚಿತ್ರ ನೋಡಿ ಕೀಳಲು ಹೊರಡುವವರನ್ನು ಕಂಡರೆ ನನಗೆ ಭಯ. ಬಲ್ಲವರ ಹಿಂದೆ ಒಂದು ವರ್ಷವಾದರೂ ತಿರುಗಿ, ಒಂದೇ ಗಿಡವನ್ನು ಮೊಳಕೆಯಲ್ಲಿ, ಎಲೆಯಲ್ಲಿ, ಹೂವಿನಲ್ಲಿ, ಒಣಗಿದಾಗ ನೋಡಿರಬೇಕು.

ಅಡುಗೆ ಸರಳ. ಬುಡದ ಮರಳು ಹೋಗುವವರೆಗೆ ನೀರು ಬದಲಿಸಿ ತೊಳೆದು, ಉಪ್ಪು ಹಾಕಿದ ಧಾರಾಳ ನೀರಿನಲ್ಲಿ ಕುದಿಸುತ್ತಾರೆ. ಕಹಿಯ ಒಂದಂಶ ನೀರಿಗೆ ಬಿಡುತ್ತದೆ. ನೀರು ಕಡಿಮೆಯಾದರೆ ಅದು ಎಲೆಯಲ್ಲೇ ಉಳಿಯುತ್ತದೆ. ಬಸಿದು, ಅಂಗೈಗಳ ನಡುವೆ ಗಟ್ಟಿಯಾಗಿ ಹಿಂಡಿ ಉಂಡೆ ಮಾಡುತ್ತಾರೆ. ಹೀಗೆ ಬೇಯಿಸಿ ಹಿಂಡಿದ ಸೊಪ್ಪಿನುಂಡೆಗಳನ್ನು ಫ್ಲಾರೆನ್ಸಿನ ತರಕಾರಿ ಅಂಗಡಿಗಳಲ್ಲಿ ಮಾರುವುದೂ ಇದೆ. ಆಮೇಲೆ ಬಾಣಲೆಯಲ್ಲಿ ಆಲಿವ್ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗಿದೊಡನೆ ಉಂಡೆ ಬಿಡಿಸಿ ಹಾಕಿ, ಅಂಚು ಅಲ್ಲಲ್ಲಿ ಗರಿಯಾಗುವ ತನಕ ಹೊರಳಿಸುತ್ತಾರೆ. ಕಹಿಯನ್ನು ಪೂರ್ತಿ ತೆಗೆದರೆ ಕೆಲಸ ಕೆಟ್ಟಂತೆ. ಸುಟ್ಟ ಮಾಂಸದ ಜಿಡ್ಡು ಬಾಯಿತುಂಬ ಕವಿದಾಗ ನಾಲಿಗೆಯನ್ನು ಕೆರೆದು ಮುಂದಿನ ತುತ್ತಿಗೆ ಅಣಿಮಾಡುವುದು ಆ ಕಹಿಯೇ. ಅದಿಲ್ಲದೆ ನಾಲ್ಕನೆಯ ತುತ್ತಿಗೇ ಮಾಂಸ ಬೇಸರ ತರಿಸುತ್ತದೆ.

ಎರಡೂ ಕೂಡುವ ಹೊತ್ತೊಂದಿದೆ. ಕೆಂಡದಿಂದ ಇಳಿಸಿದ ತುಂಡು ಮರದ ಹಲಗೆಯ ಮೇಲೆ ಐದಾರು ನಿಮಿಷ ಸುಮ್ಮನೆ ಕೂರಬೇಕು. ಕೂಡಲೇ ಕುಯ್ದರೆ ರಸವೆಲ್ಲ ಹರಿದುಹೋಗುತ್ತದೆ. ಆ ಐದು ನಿಮಿಷದಲ್ಲೇ ಸೊಪ್ಪು ಬಾಣಲೆಗೆ ಬೀಳುವುದು. ಆಮೇಲೆ ಮೂಳೆಯಿಂದ ಎರಡೂ ತುಂಡನ್ನು ಬಿಡಿಸಿ, ನಾರಿಗೆ ಅಡ್ಡಲಾಗಿ ಬೆರಳುದಪ್ಪ ಹೋಳು ಮಾಡಿ, ದಪ್ಪ ಉಪ್ಪು, ಕಾಳುಮೆಣಸು ಉದುರಿಸುತ್ತಾರೆ. ಹಲಗೆಯಲ್ಲಿ ನಿಂತ ರಸವನ್ನು ಒರೆಸಿ ಎಸೆಯುವವರು ದಡ್ಡರು. ಅದನ್ನು ಸೊಪ್ಪಿನ ಮೇಲೆ ಸುರಿಯಬೇಕು. ಇನ್ನು ನಿಂಬೆ. ಒಂದು ಹೋಳು ಪಕ್ಕಕ್ಕಿಡಿ ಎನ್ನುವವರೂ ಇದ್ದಾರೆ, ನಿಂಬೆ ಕಂಡರೆ ಸಿಡಿಮಿಡಿಗೊಳ್ಳುವವರೂ ಇದ್ದಾರೆ. ನನ್ನ ಮತ, ಸೊಪ್ಪಿಗೆ ಹಿಂಡಿ, ಮಾಂಸಕ್ಕೆ ಬೇಡ.