ಕಾಂಪ್ಯಾಕ್ಟ್ ಎಸ್‌ಯುವಿಗಳಲ್ಲಿ ಡಿಪಿಎಫ್ ತೊಂದರೆ

ಡಿಪಿಎಫ್ ಎಂಬುದು ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿರುವ ಮಸಿಯ ಕಣಗಳನ್ನು ಹಿಡಿದಿಡುವ ಶೋಧಕವಾಗಿದೆ. ಭಾರತದಲ್ಲಿ 2020ರ ಏಪ್ರಿಲ್ 1ರಂದು ಬಿಎಸ್-6 ಮಾನದಂಡ ಜಾರಿಗೆ ಬಂದ ಬಳಿಕ ಡೀಸೆಲ್ ಕಾರುಗಳಲ್ಲಿ ಇದರ ಬಳಕೆ ವ್ಯಾಪಕವಾಯಿತು. ಡೀಸೆಲ್ ಕಾಂಪ್ಯಾಕ್ಟ್ ಎಸ್‌ಯುವಿಗಳ ಮಾಲೀಕರು ಹೇಳುವ ಎಂಜಿನ್ ದೂರುಗಳಲ್ಲಿ ಈ ಶೋಧಕ ಕಟ್ಟಿಕೊಳ್ಳುವುದೂ ಒಂದು.

ಕಾರಣಗಳು
ಶೋಧಕದಲ್ಲಿ ಕೂಡಿದ ಮಸಿ ಉರಿದುಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಇದಕ್ಕಾಗಿ ಎಂಜಿನ್ ಆಗಾಗ ಹೆಚ್ಚುವರಿ ಡೀಸೆಲ್ ಬಳಸುತ್ತದೆ. ನಡುವೆಯೇ ಎಂಜಿನ್ ನಿಲ್ಲಿಸಿದರೆ ಈ ಕ್ರಿಯೆ ಅಪೂರ್ಣವಾಗುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರಿನಂತಹ ಪಟ್ಟಣಗಳಲ್ಲಿ ಮನೆಯಿಂದ ಪೇಟೆಗಷ್ಟೇ ಓಡುವ ಕಾರಿಗೆ ಅಷ್ಟು ಶಾಖ ಒದಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು ಭಾಗದಲ್ಲಿ ಕೊಯ್ಲಿನ ಧೂಳು ಏರ್ ಫಿಲ್ಟರನ್ನು ತುಂಬಿದರೆ, ಗಾಳಿ ಸಾಲದೆ ಮಸಿ ಮತ್ತಷ್ಟು ಹೆಚ್ಚುತ್ತದೆ.

ಲಕ್ಷಣಗಳು
ಎಚ್ಚರಿಕೆಯ ದೀಪ ಹೊತ್ತುವುದು, ಎಳೆತ ಕುಗ್ಗುವುದು ಮತ್ತು ಮೈಲೇಜ್ ಇಳಿಯುವುದು ಮುಖ್ಯ ಲಕ್ಷಣಗಳು. ಉರಿಯದ ಡೀಸೆಲ್ ಎಂಜಿನ್ ಆಯಿಲ್‌ಗೆ ಬೆರೆತರೆ ಆಯಿಲಿನ ಮಟ್ಟ ಏರುತ್ತದೆ. ತೆಳುವಾದ ಆಯಿಲ್‌ನಿಂದ ಎಂಜಿನ್ನಿನ ಬಿಡಿಭಾಗಗಳು ಬೇಗ ಸವೆಯುತ್ತವೆ.

ಪರಿಹಾರ
ದೀಪ ಹೊತ್ತಿದ ಕೂಡಲೇ ವಾಹನದ ಕೈಪಿಡಿಯಲ್ಲಿ ಹೇಳಿದಂತೆ ಸಮವೇಗದಲ್ಲಿ ನಿಲ್ಲಿಸದೆ ಓಡಿಸಬೇಕು. ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯಂತಹ ರಸ್ತೆ ಇದಕ್ಕೆ ಅನುಕೂಲ. ಅಲಕ್ಷಿಸಿದರೆ ಶೋಧಕವನ್ನು ಗ್ಯಾರೇಜಿನಲ್ಲಿ ಯಂತ್ರದ ನೆರವಿನಿಂದ ಶುದ್ಧಗೊಳಿಸಬೇಕಾಗುತ್ತದೆ, ಇಲ್ಲವೇ ದುಬಾರಿ ವೆಚ್ಚದಲ್ಲಿ ಬದಲಿಸಬೇಕಾಗುತ್ತದೆ. ಶೋಧಕವನ್ನೇ ತೆಗೆಸಿಹಾಕುವುದು ಕಾನೂನಿಗೆ ವಿರುದ್ಧ. ಹಾಗೆ ಮಾಡಿದರೆ ಅದು ತಡೆಯುತ್ತಿದ್ದ ಮಸಿ ಊರಿನವರ ಶ್ವಾಸಕೋಶ ಸೇರುತ್ತದೆ.